ಆಸ್ಪತ್ರೆ ಬೆಟ್ಟ ಹತ್ತಿದ ಜೀಪು

ಊರು ಅಂದರೆ ಒಲೆಯ ಮೇಲಿಟ್ಟ ಹಂಚಿನಷ್ಟು ಚಪ್ಪಟೆ. ಮಳೆ ಬಂದರೆ ನೀರಿಗೂ ಎತ್ತ ಹರಿಯಬೇಕೆಂದು ತೋಚದೆ ಬಿದ್ದಲ್ಲೇ ಕೂತು ಸೊಳ್ಳೆ ಸಾಕುತ್ತಿತ್ತು. ಅಂಥ ಊರಿನಲ್ಲಿ ಹುಟ್ಟಿ, ಅಲ್ಲೇ ತಲೆ ಬೋಳಾಗಿ, ಮನೆಯ ಮೆಟ್ಟಿಲು ಬಿಟ್ಟರೆ ಬೇರೆ ಏರನ್ನೇ ಕಾಣದ ಮನುಷ್ಯನೊಬ್ಬ ಬೆಟ್ಟಕ್ಕೆ ಹೋಗುತ್ತೇನೆಂದು ಹಳೇ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದರೆ ಜನ ಏನನ್ನಬೇಕು? ಅನ್ನಬೇಕಾದ್ದನ್ನೆಲ್ಲ ಅಂದರು. ಅವನ ಕಿವಿಗೆ ಯಾವುದೂ ಹೋಗಲಿಲ್ಲ. ಕಿವಿಯ ತುಂಬ ಗ್ರೀಸು.

ಊರು ಅವನನ್ನು ತಕ್ಕಡಿ ಸಾಹೇಬ ಅನ್ನುತ್ತಿತ್ತು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ಅವನ ಸರ್ಕಾರಿ ಕೆಲಸ. ಕಚೇರಿಯಲ್ಲಿ ಅವನ ಮೇಜಿನ ಎದುರು ಯಾವುದೋ ಹಳೇ ಕ್ಯಾಲೆಂಡರು ನೇತಾಡುತ್ತಿತ್ತು. ಅದರ ತಾರೀಕುಗಳನ್ನು ಗೆದ್ದಲು ತಿಂದಿತ್ತು, ಮೇಲಿನ ಬೆಟ್ಟದ ಚಿತ್ರವನ್ನು ಮಾತ್ರ ಬಿಟ್ಟಿತ್ತು. ವರ್ಷಗಟ್ಟಲೆ ಮುದ್ರೆ ಒತ್ತುತ್ತ ಒತ್ತುತ್ತ ಆ ಬೆಟ್ಟವನ್ನೇ ನೋಡಿದ ಸಾಹೇಬನಿಗೆ, ಅಲ್ಲಿಗೆ ಹೋಗದೆ ರಿಟೈರ್ ಆದರೆ ತಾನು ಗೆದ್ದಲಿಗಿಂತ ಕಡೆ ಅನ್ನಿಸಿಬಿಟ್ಟಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಯಾರಾದರೂ ಹುಡುಕಿಕೊಟ್ಟರೆ ಅದು ಸುಳ್ಳು.

ಜೀಪು ಸಿಕ್ಕಿದ್ದು ಹಿಟ್ಟಿನ ಗಿರಣಿಯ ಹಿತ್ತಲಲ್ಲಿ. ಸೀಟಿನಲ್ಲಿ ಕೋಳಿಗಳು ಕಾವು ಕೂತಿದ್ದವು. ಸಾಹೇಬ ಕೋಳಿಗಳನ್ನು ಎಬ್ಬಿಸಿ, ತಾನು ಕಾವು ಕೂತ. ಗಡ್ಡದ ಮೆಕ್ಯಾನಿಕ್ ಒಬ್ಬನನ್ನು ಹಿಡಿದು ಇಂಜಿನ್ ಬಿಚ್ಚಿಸಿದ, ಬಾಡಿ ಬಡಿಸಿದ, ಸೀಟು ಹೊಲಿಸಿದ, ಬಾಟಲಿ ಹಸಿರು ಬಣ್ಣ ಹೊಡೆಸಿದ. ಕೊನೆಗೆ ಜೀಪು ಕನ್ನಡಿಯ ಹಾಗೆ ಹೊಳೆಯಿತು. ಮುಂದಕ್ಕೆ ಹೋಗುವ ಎಲ್ಲ ಗೇರೂ ಬೆಣ್ಣೆಯ ಹಾಗೆ ಬೀಳುತ್ತಿತ್ತು. ರಿವರ್ಸ್ ಹಾಕಿದರೆ ಮಾತ್ರ ‘ಕರ್ರ್’ ಅಂತ ಒಮ್ಮೆ ಗದರಿಸಿ, ನಿಂತಲ್ಲೇ ನಿಲ್ಲುತ್ತಿತ್ತು.

“ಬೆಟ್ಟಕ್ಕೆ ಹೋಗೋ ಗಾಡಿಗೆ ರಿವರ್ಸ್ ಯಾಕೆ ಸಾರ್?” ಅಂದ ಮೆಕ್ಯಾನಿಕ್. “ಬೆಟ್ಟ ಇರೋದು ಮುಂದೆ. ರಿವರ್ಸ್ ಇರೋದು ಪುಕ್ಕಲರಿಗೆ.”

ಅಂಗಡಿಯವರು ಒಂದು ಚಿಟಿಕೆ ತೂಕ ತಪ್ಪಿದರೂ ಬೀದಿಯಲ್ಲಿ ನಿಲ್ಲಿಸಿ ಉಗಿಯುತ್ತಿದ್ದ ಸಾಹೇಬ, ಒಂದು ಇಡೀ ಗೇರು ತಪ್ಪಿದ್ದನ್ನು ನುಂಗಿಕೊಂಡ. ಹೆಂಡತಿಗಂತೂ ಹೇಳಲೇ ಇಲ್ಲ. ದಿನಾ ಬೆಳಿಗ್ಗೆ ಜೀಪನ್ನು ಅಂಗಳದಿಂದ ಹೊರಡಿಸಿ ಒಂದು ಸುತ್ತು ಹೊಡೆದು ಬರುವುದು, ಸಂಜೆ ಅಕ್ಕಪಕ್ಕದವರನ್ನೆಲ್ಲ ಕೂಗಿ, ಹಿಂದು ಮುಂದಾಗಿ ತಳ್ಳಿಸಿ ಒಳಗೆ ನಿಲ್ಲಿಸುವುದು.

“ಅಲ್ಲಾ ರೀ, ಎಲ್ಲರೂ ಗಾಡಿ ಓಡಿಸ್ಕೊಂಡೇ ಒಳಗೆ ತರ್ತಾರಲ್ಲ?”

“ರಿವರ್ಸ್ ಹಾಕಿದ್ರೆ ಇಂಜಿನ್ ಸವೆಯುತ್ತೆ ಕಣೇ. ನಿಂಗೆ ಗೊತ್ತಾಗಲ್ಲ.”

ಹೆಂಡತಿಗೆ ಗೊತ್ತಾಗಿದ್ದು ಬೇರೆ. ಜೀಪು ಬಂದ ಮೇಲೆ ಮನೆಯ ಮುಂಬಾಗಿಲು ಅರ್ಧವೇ ತೆರೆಯುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಹೋಗಿತ್ತು. ತರಕಾರಿ ಚೀಲ ಹಿಡಿದು ಬಂದರೆ ಮೊದಲು ಚೀಲ ಒಳಗೆ ಕಳಿಸಿ, ಆಮೇಲೆ ತಾನು ಉಸಿರು ಬಿಗಿಹಿಡಿದು ತೂರಬೇಕಿತ್ತು. ಒಂದು ದಿನ ಬಾಗಿಲಿಗೂ ಬಂಪರಿಗೂ ನಡುವೆ ಸಿಕ್ಕಿಕೊಂಡು ನಿಂತಲ್ಲಿಂದಲೇ ತೀರ್ಪು ಕೊಟ್ಟಳು.

“ಈ ಮನೆಗೆ ನಾನು ನೇರವಾಗಿ ನಡ್ಕೊಂಡು ಬಂದಿದ್ದೆ. ಈಗ ಏಡಿ ಥರ ಅಡ್ಡಡ್ಡ ಓಡಾಡ್ತಿದ್ದೀನಿ. ಭಾನುವಾರದೊಳಗೆ ಇದು ಒಂದೇ ಒಂದು ಏರು ಹತ್ತಿ ತೋರಿಸ್ಲಿ. ಹತ್ತಿದ್ರೆ ನಾನೂ ಬೆಟ್ಟಕ್ಕೆ ಬರ್ತೀನಿ, ಬಾಯಿ ಮುಚ್ಕೊಂಡು ಬರ್ತೀನಿ. ಹತ್ಲಿಲ್ಲ, ಗುಜರಿಗೆ!”

“ಗುಜರಿಯವನು ನನ್ನ ದೋಸ್ತು ಅಕ್ಕ,” ಅಂದ ಅವಳ ತಮ್ಮ. ಈ ಭಾವಮೈದ ಎಲ್ಲಿ ಏನು ಮುರಿದುಬಿದ್ದರೂ ಅಲ್ಲಿ ಹಲ್ಲು ಕಿರಿಯುತ್ತ ಹಾಜರಿರುವ ಜಾತಿ. “ಭಾನುವಾರ ಬೆಳಿಗ್ಗೇನೇ ಟೆಂಪೋ ತರ್ತಾನೆ. ಭಾವ, ಕೋಳಿಗಳಿಗೆ ಹೇಳಿ ಕಳಿಸ್ಲಾ?”

ಏರು ಹತ್ತಬೇಕು, ಸರಿ. ಏರು ಎಲ್ಲಿ? ಸಾಹೇಬ ಊರೆಲ್ಲ ಹುಡುಕಿದ. ಸಿಕ್ಕಿದ್ದು ಒಂದೇ: ಆಸ್ಪತ್ರೆ. ಆಸ್ಪತ್ರೆಯ ಕಟ್ಟಡ ಹಿಂದೊಮ್ಮೆ ಧಾನ್ಯದ ಉಗ್ರಾಣವಾಗಿತ್ತು. ಎತ್ತಿನ ಗಾಡಿಗಳು ಮೂಟೆ ಸಮೇತ ಮೇಲಿನ ಮಹಡಿಗೇ ಹೋಗಲಿ ಅಂತ ಹೊರಗಿನಿಂದ ಅಗಲವಾದ ಇಳಿಜಾರು ಕಟ್ಟಿದ್ದರು. ಈಗ ಅದರ ಮೇಲೆ ರೋಗಿಗಳ ತಳ್ಳುಗಾಡಿ ಓಡಾಡುತ್ತಿತ್ತು. ಸಾಹೇಬ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ. ಬೆಟ್ಟ ಅಂದರೆ ಇದು.

ಆದರೆ ಸುಮ್ಮನೆ ಖಾಲಿ ಜೀಪು ಹತ್ತಿಸಿದರೆ ಪರೀಕ್ಷೆ ಹೇಗಾದೀತು? ಬೆಟ್ಟಕ್ಕೆ ಹೋಗುವಾಗ ಹೆಂಡತಿ ಇರುತ್ತಾಳೆ, ಹೆಂಡತಿಯ ಟ್ರಂಕು ಇರುತ್ತದೆ, ಡೇರೆ, ಸ್ಟೆಪ್ನಿ, ಜಾಕು, ಹಗ್ಗ, ನೀರಿನ ಕ್ಯಾನು, ಪೆಟ್ರೋಲು ಇರುತ್ತವೆ. ಆ ಭಾರವಿಲ್ಲದೆ ಹತ್ತಿದರೆ ಅದು ಮೋಸದ ತೂಕ. ಇಲಾಖೆಯ ಮನುಷ್ಯ ಮೋಸದ ತೂಕ ತೂಗುತ್ತಾನೆಯೇ? ಹಾಗೆಂದು ಹೆಂಡತಿಯನ್ನೇ ಕೂರಿಸುವಂತಿಲ್ಲ, ಹತ್ತದಿದ್ದರೆ ಅಲ್ಲೇ ಗುಜರಿ. ಟ್ರಂಕು ಕೇಳಿದರೆ, “ನನ್ನ ಬಟ್ಟೆ ಮುಟ್ಟಿ ನೋಡೋಣ” ಅಂದಳು. ಹಾಗಾಗಿ ಸಾಹೇಬ ಅಕ್ಕಪಕ್ಕದವರನ್ನು ತೂಗಿ ತುಂಬಿಕೊಳ್ಳಲು ನಿರ್ಧರಿಸಿದ.

ಅವರು ಒಪ್ಪಿದ್ದು ಯಾಕೆ ಅಂತ ಕೇಳಬೇಡಿ, ಕೇಳಿದರೆ ಹೇಳುತ್ತೇನೆ. ಜೀಪು ಒಮ್ಮೆ ಬೆಟ್ಟಕ್ಕೆ ತೊಲಗಿದರೆ ದಿನಾ ಸಂಜೆ ತಳ್ಳುವುದು ತಪ್ಪಿ ಸೊಂಟ ಉಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಸಂತೆಗೆ ಹೋದದ್ದೇ ತಡ, ಟೈಲರ್ ಅಂಗಡಿಯ ಮುಂದೆ ಇಲಾಖೆಯ ತೂಕದ ಯಂತ್ರ ಬಂದು ಕೂತಿತು. ಟೈಲರ್ ಮೊದಲು ಹತ್ತಿದ. ಸಾಹೇಬ ಮುಳ್ಳು ನೋಡಿದ, ಕಣ್ಣು ಕಿರಿದು ಮಾಡಿದ, ಇನ್ನೊಮ್ಮೆ ನೋಡಿದ.

“ಸ್ವಲ್ಪ ಕಮ್ಮಿ. ಒಂದು ಸ್ವೆಟರ್ ಹಾಕ್ಕೊ. ಹಾಂ, ಇನ್ನೊಂದು. ಸರಿಹೋಯ್ತು. ನೀನು ನನ್ನ ಹೆಂಡತಿ.”

“ಆಗ್ಲಿ ಸಾರ್,” ಅಂದ ಟೈಲರ್. ಗಿರಾಕಿಗಳ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ.

ಬೇಕರಿಯವನನ್ನು ಹತ್ತಿಸುವುದೇ ಕಷ್ಟವಾಯಿತು. “ನನ್ನ ಬ್ರೆಡ್ ತೂಗಿ, ಬಿಸ್ಕತ್ ತೂಗಿ. ನನ್ನ ತೂಕ ಇಲಾಖೆಗೆ ಯಾಕ್ರೀ?” ಅಂದ. ಯಂತ್ರದ ಮುಳ್ಳು ಕೊನೆಯವರೆಗೆ ಹೋಗಿ, ಅಲ್ಲೂ ತಡೆಯದೆ ನಡುಗಿತು. ಬೀದಿಯವರೆಲ್ಲ ಓಹೋ ಅಂದರು. ಅವನು ಟ್ರಂಕು ಮತ್ತು ಡೇರೆ ಎರಡೂ ಆದ. ರಿಟೈರ್ ಆದ ಡ್ರಿಲ್ ಮೇಷ್ಟ್ರು ಸ್ಟೆಪ್ನಿ, ಜಾಕು, ಹಗ್ಗದ ಲೆಕ್ಕಕ್ಕೆ ಸರಿಹೋದರು. ಮೂಲೆ ಮನೆಯ ನೋವಿನಕ್ಕ ನೀರು ಮತ್ತು ಪೆಟ್ರೋಲು.

“ನನ್ನ ಮಂಡಿ ನೋವು ಲೆಕ್ಕಕ್ಕೆ ಹಿಡಿದ್ಯೇನಪ್ಪಾ?” ಅಂದಳು ನೋವಿನಕ್ಕ. ಅವಳಿಗೆ ನೆತ್ತಿಯಿಂದ ಹಿಮ್ಮಡಿವರೆಗೆ ನೋಯದ ಜಾಗವಿರಲಿಲ್ಲ. ಅದನ್ನು ಕೇಳುವ ತಾಳ್ಮೆ ಇರುವ ಡಾಕ್ಟರು ಮಾತ್ರ ಇನ್ನೂ ಹುಟ್ಟಿರಲಿಲ್ಲ.

“ನೋವಿಗೆ ತೂಕ ಇಲ್ಲ ಅಕ್ಕ.”

“ನಿಂಗೇನು ಗೊತ್ತು, ಹೊರೋಳು ನಾನು!”

ಬೆಟ್ಟದಲ್ಲಿ ಚಳಿ. ಚಳಿಯೆಂದ ಮೇಲೆ ಕಂಬಳಿ, ಕುಲಾವಿ, ಮಫ್ಲರು. ಅವಕ್ಕೂ ತೂಕ ಉಂಟಲ್ಲ? ಎಲ್ಲರಿಗೂ ಹೊದಿಸಿದ. ಸರಕು ಅಲುಗಾಡಬಾರದು ಎಂದು ಹಗ್ಗ ತಂದು ಒಬ್ಬರಿಗೊಬ್ಬರನ್ನು ಸೇರಿಸಿ ಸೀಟಿಗೆ ಬಿಗಿದ. ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದು, ಊರು ನಿಜವಾಗಿಯೂ ಒಲೆಯ ಮೇಲಿನ ಹಂಚಾಗಿತ್ತು. ಬೇಕರಿಯವನು ಎಲ್ಲರಿಗೂ ಒಂದೊಂದು ಬನ್ ಹಂಚಿದ. ಮೇಷ್ಟ್ರು ಕಂಬಳಿಯೊಳಗಿಂದಲೇ, “ಮುಂದೆ ನಡೆ!” ಅಂದರು. ಜೀಪು ಹೊರಟಿತು.

ಆ ಇಂಜಿನ್ನಿಗೆ ಒಂದು ಗುಣವಿತ್ತು. ಓಡುವಾಗ ಅದು ನಡುಗುತ್ತಿತ್ತು. ತಾನೊಂದೇ ನಡುಗದೆ ಕೂತವರನ್ನೂ ನಡುಗಿಸುತ್ತಿತ್ತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾಲ್ವರ ಮುಖವೂ ಕೆಂಪಗೆ ಬೆಂದು, ಬೆವರು ಧಾರೆ ಹರಿದು, ಹಲ್ಲು ಕಟಕಟ ಅನ್ನುತ್ತಿತ್ತು. ನೋವಿನಕ್ಕ ದಾರಿಯುದ್ದಕ್ಕೂ “ಅಯ್ಯೋ, ಅಮ್ಮಾ” ಅನ್ನುತ್ತಿದ್ದಳು. ಅದು ಅವಳ ದಿನನಿತ್ಯದ ಮಾತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ತಲೆಕೆಡಿಸಿಕೊಂಡವನು ಆಸ್ಪತ್ರೆಯ ಕಾವಲುಗಾರ. ಬಿಸಿಲಲ್ಲಿ ಕಂಬಳಿ ಹೊದ್ದು, ಹಗ್ಗದಲ್ಲಿ ಕಟ್ಟಿಸಿಕೊಂಡು, ಗಡಗಡ ನಡುಗುತ್ತ ನರಳುತ್ತ ಒಂದು ಜೀಪಿನ ತುಂಬ ಜನ ಇಳಿಜಾರಿನತ್ತ ನುಗ್ಗುತ್ತಿದ್ದರೆ ಅವನಾದರೂ ಏನೆಂದುಕೊಳ್ಳಬೇಕು? ಸೀಟಿ ಊದಿದ. ಅಡ್ಡಪಟ್ಟಿ ಎತ್ತಿದ. ಗಂಟಲು ಹರಿಯುವಂತೆ ಕೂಗಿದ: “ದಾರಿ ಬಿಡ್ರೋ! ಸನ್ನಿ ಹಿಡಿದೋರು! ಕಟ್ಟಿ ಹಾಕ್ಕೊಂಡು ತಂದಿದ್ದಾರೆ!”

ಸಾಹೇಬನಿಗೆ ಇದಾವುದೂ ಕೇಳಲಿಲ್ಲ. ಅವನ ಮುಂದೆ ಏರು ಇತ್ತು. ಚಿಕ್ಕ ಗೇರು ಹಾಕಿದ. ಜೀಪು ಒಮ್ಮೆ ಕೆಮ್ಮಿತು, ಮೂಗು ಎತ್ತಿತು, ಗುಟುರು ಹಾಕಿತು, ಹತ್ತತೊಡಗಿತು. ಹತ್ತಿತು! ಅರ್ಧ ಹತ್ತಿತು, ಪೂರಾ ಹತ್ತಿತು! ತಳ್ಳುಗಾಡಿ ತರುತ್ತಿದ್ದ ಆಯಾ ಗೋಡೆಗೆ ಕ್ಯಾಲೆಂಡರಿನಂತೆ ಅಂಟಿಕೊಂಡಳು. ಸಾಹೇಬ ಸ್ಟಿಯರಿಂಗಿಗೆ ಮುತ್ತು ಕೊಡುತ್ತ ಜೀಪನ್ನು ಮೇಲಿನ ಮಹಡಿಯ ಉದ್ದನೆಯ ಜಗಲಿಗೆ ತಂದು ನಿಲ್ಲಿಸಿದ. ಆಮೇಲೆ ಇಳಿಯಲು ಗೇರಿನ ಮೇಲೆ ಕೈಯಿಟ್ಟ.

ಕೈ ಅಲ್ಲೇ ಉಳಿಯಿತು.

ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ಹೋಗಬೇಕು. ಹಿಂದಕ್ಕೆ ಹೋಗುವ ಗೇರು ಪುಕ್ಕಲರಿಗೆ.

ಯೋಚನೆ ಮಾಡಲು ಅವನಿಗೆ ಯಾರೂ ಬಿಡಲಿಲ್ಲ. ದೊಡ್ಡ ನರ್ಸಮ್ಮ ಕತ್ತರಿ ಹಿಡಿದು ಬಂದು ಹಗ್ಗ ಕತ್ತರಿಸಿದಳು. ಆಯಾಗಳು ಒಬ್ಬೊಬ್ಬರನ್ನೇ ಎಳೆದು ಹಾಸಿಗೆಗೆ ಹಾಕಿದರು. ಬೇಕರಿಯವನಿಗೆ ಎರಡು ಹಾಸಿಗೆ ಜೋಡಿಸಿದರು. ಥರ್ಮಾಮೀಟರು ಇಟ್ಟಲ್ಲೆಲ್ಲ ಜ್ವರ ತೋರಿಸಿತು. ಕಂಬಳಿಯೊಳಗೆ ಬೆಂದವರಿಗೆ ಇನ್ನೇನು ತೋರಿಸೀತು? ಡಾಕ್ಟರು ಓಡಿಬಂದರು.

“ಇವರಿಗೆಲ್ಲ ಯಾವಾಗಿಂದ ಹೀಗೆ?”

“ಇವರಿಗೇನೂ ಆಗಿಲ್ಲ ಡಾಕ್ಟ್ರೇ,” ಅಂದ ಸಾಹೇಬ. “ನಾವು ಬೆಟ್ಟಕ್ಕೆ ಹೊರಟಿದ್ವಿ.”

“ಯಾವ ಬೆಟ್ಟ?”

“ಇದೇ.” ಸಾಹೇಬ ಆಸ್ಪತ್ರೆಯ ಇಳಿಜಾರು ತೋರಿಸಿದ.

ಡಾಕ್ಟರು ನರ್ಸಮ್ಮನ ಮುಖ ನೋಡಿದರು. ದನಿ ಮೆತ್ತಗೆ ಮಾಡಿ, ಟೈಲರ್ ಕಡೆ ಬೆರಳು ತೋರಿ ಕೇಳಿದರು: “ಇವರು ಯಾರು?”

“ಅವನಾ? ಹೆಂಡತಿ.”

“ಹೌದು ಡಾಕ್ಟ್ರೇ,” ಅಂದ ಟೈಲರ್ ವಿನಯದಿಂದ. “ಎರಡು ಸ್ವೆಟರ್ ಸೇರಿಸಿ.”

“ನಾನು ಸ್ಟೆಪ್ನಿ!” ಅಂತ ಗರ್ಜಿಸಿದರು ಡ್ರಿಲ್ ಮೇಷ್ಟ್ರು, ಯಾರೂ ಕೇಳದಿದ್ದರೂ. “ಜಾಕೂ ನಾನೇ!”

“ನಾನು ಟ್ರಂಕು ಕಣ್ರೀ, ಇಂಜೆಕ್ಷನ್ ಬೇಡ!” ಅಂದ ಬೇಕರಿಯವನು. ಚುಚ್ಚಿಯಾಗಿತ್ತು.

“ಏನು ತಿಂದ್ರಿ ಎಲ್ಲರೂ?”

“ಬನ್ನು,” ಅಂದವು ಮೂರು ಬಾಯಿ ಒಟ್ಟಿಗೆ. ಬೇಕರಿಯವನು ಎದ್ದು ಕೂತು, “ನನ್ನ ಬನ್ ಬಗ್ಗೆ ಮಾತಾಡಿದ್ರೆ ನೆಟ್ಟಗಿರಲ್ಲ!” ಅಂದ. ಅವನಿಗೆ ಇನ್ನೊಂದು ಚುಚ್ಚಿದರು.

ಒಬ್ಬಳೇ ನೋವಿನಕ್ಕ ಸ್ವರ್ಗದಲ್ಲಿದ್ದಳು. ಅವಳ ಸುತ್ತ ಇಬ್ಬರು ನರ್ಸುಗಳು ನಿಂತು, “ಎಲ್ಲಿ ನೋವಮ್ಮಾ?” ಅಂತ ಕೇಳುತ್ತಿದ್ದರು. “ಕಿರುಬೆರಳಿಂದ ಶುರು ಮಾಡ್ತೀನಿ, ಬರ್ಕೊಳ್ಳಿ,” ಅಂದಳು.

ಡಾಕ್ಟರು ಮೂಲೆಗೆ ಹೋಗಿ ಪಿಸುಗುಟ್ಟಿದರು: “ನಾಲ್ಕು ಜನಕ್ಕೂ ಬುದ್ಧಿ ಸ್ವಾಧೀನದಲ್ಲಿಲ್ಲ. ಓಡಿಸ್ಕೊಂಡು ಬಂದೋನಿಗೆ ಪೂರ್ತಿ ಹೋಗಿದೆ. ಅವನನ್ನೂ ಮಲಗಿಸಿ.” ಸಾಹೇಬನನ್ನೂ ಮಲಗಿಸಿದರು. ಅವನು, “ಮೊದಲು ನೀವು ಕೂಸು ತೂಗೋ ತಕ್ಕಡಿಗೆ ಈ ವರ್ಷದ ಮುದ್ರೆ ಎಲ್ಲಿ ತೋರಿಸಿ!” ಅಂತ ಅಬ್ಬರಿಸಿದ. ಅದನ್ನೂ ಸನ್ನಿಯ ಲೆಕ್ಕಕ್ಕೇ ಬರೆದುಕೊಂಡರು.

ಇತ್ತ ಹೆಂಡತಿ ಸಂತೆಯಿಂದ ಬಂದು ನೋಡಿದರೆ ಅಂಗಳ ಖಾಲಿ, ಮುಂಬಾಗಿಲು ಹಾರು ಹೊಡೆದಿದೆ. ಗೇಟಿನಲ್ಲಿ ಗುಜರಿಯವನು ತನ್ನ ಟೆಂಪೋಗೆ ಒರಗಿ ನಿಂತಿದ್ದ. ಅಷ್ಟರಲ್ಲಿ ತಮ್ಮ ಓಡಿಬಂದ.

“ಅಕ್ಕಾ, ಭಾವಂಗೆ ಸನ್ನಿ ಹಿಡಿದಿದೆ! ಬೀದಿಗೇ ಹಿಡಿದಿದೆ! ಭಾವ ಟೈಲರ್‌ನ ತೋರಿಸಿ ಇವನೇ ನನ್ನ ಹೆಂಡ್ತಿ ಅಂದ್ರಂತೆ! ಅವನೂ ಹೂಂ ಅಂದನಂತೆ!”

ಹೆಂಡತಿಯ ಕೈಯಿಂದ ಚೀಲ ಬಿತ್ತು. “ನಡೀರಿ!” ಅಂದವಳೇ ಟೆಂಪೋ ಹತ್ತಿದಳು. ಗುಜರಿಯವನ ಟೆಂಪೋ ಕೂಡ ಗುಜರಿಯೇ. ಬಾಗಿಲಿಗೆ ತಂತಿ ಕಟ್ಟಿತ್ತು, ಹೊಗೆ ಹಿಂದಿನಿಂದ ಬರುವ ಬದಲು ಕಾಲಬುಡದಿಂದ ಬರುತ್ತಿತ್ತು. ಅದು ಏಳುತ್ತ ಬೀಳುತ್ತ ಆಸ್ಪತ್ರೆಯ ಇಳಿಜಾರಿನ ಬುಡದವರೆಗೆ ಬಂದು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು. ಹೆಂಡತಿ ಇಳಿಜಾರು ಹತ್ತಿ ಓಡಿದಳು. ತಮ್ಮನೂ ಗುಜರಿಯವನೂ ಹಿಂದೆ.

“ಎಲ್ಲಿ ನಮ್ಮೆಜಮಾನ್ರು?”

ಡಾಕ್ಟರು ಅಡ್ಡ ಬಂದರು. “ನೀವು ಯಾರಮ್ಮ?”

“ಜೀಪು ತಂದ್ರಲ್ಲ, ಅವರ ಹೆಂಡ್ತಿ!”

ಡಾಕ್ಟರು ನಿಟ್ಟುಸಿರಿಟ್ಟರು. “ಇವರಿಗೂ ಬಂದಿದೆ. ಇನ್ನೊಂದು ಹಾಸಿಗೆ ಹಾಕಿ.”

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುವುದು ಮರ್ಯಾದಸ್ಥರಿಗೆ ತರವಲ್ಲ. ಹಾಸಿಗೆ ತಂದ ಆಯಾ ಹಾಸಿಗೆಯ ಹಿಂದೆ ಅಡಗಿಕೊಂಡಳು. ಹೆಂಡತಿ ಡಾಕ್ಟರನ್ನು ಬೈದಳು, ನರ್ಸಮ್ಮನನ್ನು ಬೈದಳು, ಟೈಲರ್‌ನ ಮೈಮೇಲಿನ ಸ್ವೆಟರ್ ತನ್ನದೆಂದು ಗುರುತು ಹಿಡಿದು ಅವನನ್ನು ಬೇರೆಯಾಗಿ ಬೈದಳು. ಇಷ್ಟು ಕ್ರಮಬದ್ಧವಾಗಿ, ಯಾರನ್ನೂ ಬಿಡದೆ ಬೈಯುವವಳಿಗೆ ಸನ್ನಿ ಇರಲು ಸಾಧ್ಯವಿಲ್ಲವೆಂದು ಡಾಕ್ಟರಿಗೆ ಮನವರಿಕೆಯಾಯಿತು. ಸಾಹೇಬ ಹಾಸಿಗೆಯಲ್ಲೇ ಕೂತು ತೂಕದ ಕಥೆಯನ್ನೆಲ್ಲ ಹೇಳಿದ. ಕಂಬಳಿ ತೆಗೆದರು. ಜ್ವರಗಳೆಲ್ಲ ಇಳಿದವು.

ಆಗ ಹೆಂಡತಿಯ ಕಣ್ಣು ಜಗಲಿಯಲ್ಲಿ ಹೊಳೆಯುತ್ತ ನಿಂತಿದ್ದ ಜೀಪಿನ ಮೇಲೆ ಬಿತ್ತು. ಅವಳ ಬಾಯಿ ಅರ್ಧ ಬೈಗುಳದಲ್ಲೇ ನಿಂತಿತು.

“ರೀ… ಇದು ಮೇಲಕ್ಕೆ ಹೇಗೆ ಬಂತು?”

“ಹತ್ತಿ.”

“ಯಾರು ತಳ್ಳಿದ್ರು?”

“ಯಾರೂ ಇಲ್ಲ. ಎಲ್ಲರೂ ಒಳಗಿದ್ರು. ನಿನ್ನ ತೂಕ, ನಿನ್ನ ಟ್ರಂಕಿನ ತೂಕ, ಒಂದು ಚಿಟಿಕೆ ಹೆಚ್ಚೇ ಇತ್ತು.”

ಭಾವಮೈದನ ಹಲ್ಲು ಒಳಗೆ ಹೋಯಿತು. ಗುಜರಿಯವನು ಗೋಡೆ ನೋಡಿದ. ಡಾಕ್ಟರಿಗೆ ಮಾತ್ರ ಗೆಲುವು ಸೋಲಿನ ಗೊಡವೆ ಇರಲಿಲ್ಲ. “ಮೊದಲು ಇದನ್ನ ಕೆಳಗೆ ಇಳಿಸಿ. ರಿವರ್ಸ್ ತಗೊಳ್ರೀ!”

ಸಾಹೇಬ ಕೆಮ್ಮಿದ. ಕನ್ನಡಕ ಒರೆಸಿದ. ಮತ್ತೆ ಕೆಮ್ಮಿದ. ಹಾಸಿಗೆಯಿಂದ ಬೇಕರಿಯವನು ಸೂಜಿ ಚುಚ್ಚಿದ ಜಾಗ ಉಜ್ಜಿಕೊಳ್ಳುತ್ತ ಸೇಡು ತೀರಿಸಿಕೊಂಡ: “ರಿವರ್ಸ್ ಎಲ್ಲಿದೆ ಇದಕ್ಕೆ? ಇದ್ದಿದ್ರೆ ನಾವ್ಯಾಕೆ ದಿನಾ ಸಂಜೆ ತಳ್ತಿದ್ವಿ?”

ಎಲ್ಲರ ಕಣ್ಣೂ ಸಾಹೇಬನ ಮೇಲೆ ಬಿದ್ದವು. ಒಳಗೆ ನೋವಿನಕ್ಕ ಮಾತ್ರ, “ಈಗ ಮೊಣಕೈಗೆ ಬಂದೆ, ಬರ್ಕೊಂಡ್ಯಾ?” ಅನ್ನುತ್ತಿದ್ದಳು.

“ಅಕ್ಕಾ, ಇಂಜಿನ್ ಸವೆಯುತ್ತೆ ಅಂದಿದ್ರಲ್ಲ ಭಾವ!” ಭಾವಮೈದನ ಹಲ್ಲು ಮತ್ತೆ ಹೊರಗೆ ಬಂತು. “ಸುಳ್ಳು ಹೇಳಿದ ಮೇಲೆ ಪಂದ್ಯ ಕ್ಯಾನ್ಸಲ್. ಇಲ್ಲೇ ಬಿಚ್ಚಿ ತುಂಡು ತುಂಡಾಗಿ ಇಳಿಸೋಣ. ದೋಸ್ತೂ, ರಾಡು ತಗೊ!”

ಹೆಂಡತಿ ಗಂಡನನ್ನು ನೋಡಿದಳು. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು, ಅಂಗಡಿಯಲ್ಲಿ ಸಿಕ್ಕಿಬಿದ್ದ ಮೋಸದ ಬಟ್ಟಿನ ಹಾಗೆ ನಿಂತಿದ್ದ.

“ಆಚೆ ತುದಿಯಿಂದ ತಾರಸಿಗೂ ಏರು ಇದೆಯಲ್ಲ,” ಅಂದಳು ದೊಡ್ಡ ನರ್ಸಮ್ಮ. “ಕಾಳು ಒಣಗಿಸೋಕೆ ಗಾಡಿ ಹೋಗ್ತಿತ್ತಂತೆ. ಮೇಲೆ ಬೇಕಾದಷ್ಟು ಜಾಗ ಇದೆ. ಹೋಗಿ ತಿರುಗಿಸ್ಕೊಂಡು ಬನ್ನಿ, ನನ್ನ ವಾರ್ಡಿಂದ ಮೊದಲು ತೊಲಗಿ!”

ಸಾಹೇಬ ಆಚೆ ತುದಿ ನೋಡಿದ. ಆ ಏರು ಮೊದಲಿನದಕ್ಕಿಂತ ಕಡಿದು, ಮೇಲೆ ಪಾಚಿ. “ಚಕ್ರ ಜಾರುತ್ತೆ. ಹಿಂದೆ ಭಾರ ಬೇಕು,” ಅಂದ. “ಟೈಲರ್, ಬಾರಪ್ಪ ಹತ್ತು.”

ಟೈಲರ್ ಕಂಬಳಿ ತಲೆಯವರೆಗೆ ಎಳೆದುಕೊಂಡ.

“ಟೈಲರ್ ಯಾಕೆ?” ಅಂದಳು ಹೆಂಡತಿ. “ನನ್ನ ಜಾಗದಲ್ಲಿ ಎಷ್ಟು ಜನನ ಕೂರಿಸ್ತೀರಿ ನೀವು? ಸರೀರಿ ಆ ಕಡೆ!” ಅಂದವಳೇ ಸೆರಗು ಬಿಗಿದು ಹತ್ತಿ ಕೂತಳು. ತಮ್ಮನ ಕಿವಿ ಹಿಡಿದು ಹಿಂದಕ್ಕೆ ಎಳೆದುಕೊಂಡಳು. “ನೀನು ಸ್ಟೆಪ್ನಿ. ಗುಜರಿಯಪ್ಪಾ, ನೀನೂ ಬಾ, ಟ್ರಂಕು!” ಭಾರ ಇನ್ನೂ ಸಾಲದೆಂದು ಸಾಹೇಬ ಅಂದದ್ದೇ ತಡ, ನರ್ಸಮ್ಮ ಹತ್ತಿದಳು. “ನನ್ನ ಆಸ್ಪತ್ರೆಯಲ್ಲಿ ನನ್ನ ಬಿಟ್ಟು…” ಅನ್ನುತ್ತ ಡಾಕ್ಟರೂ ಹತ್ತಿದರು. ಹಾಸಿಗೆಯಲ್ಲಿ ಅಟೆನ್ಷನ್ ಆಗಿ ನಿಂತ ಡ್ರಿಲ್ ಮೇಷ್ಟ್ರು, “ಮುಂದೆ ನಡೆ!” ಅಂದರು.

ಜೀಪು ಗುಟುರು ಹಾಕಿತು. ಜಾರಿತು, ಹಿಡಿಯಿತು, ಮತ್ತೆ ಜಾರಿತು. ಡಾಕ್ಟರು ಸ್ಟೆತಾಸ್ಕೋಪ್ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಭಾವಮೈದ “ಅಕ್ಕಾ” ಅಂದ, “ಅಮ್ಮಾ” ಅಂದ, ಕೊನೆಗೆ ನೋವಿನಕ್ಕನಿಗಿಂತ ಚೆನ್ನಾಗಿ “ಅಯ್ಯೋ” ಅಂದ. ಒಮ್ಮೆಲೇ ಆಕಾಶ ಬಂತು. ಜೀಪು ಒಣಹಾಕಿದ್ದ ಆಸ್ಪತ್ರೆಯ ಬಿಳಿ ಹಾಸುಗಳೊಳಗೆ ನುಗ್ಗಿ, ಒಂದನ್ನು ಬಾನೆಟ್ಟಿಗೆ ಹೊದ್ದುಕೊಂಡು, ತಾರಸಿಯ ನಡುವೆ ನಿಂತಿತು.

ಹೆಂಡತಿ ಮುಖದ ಮೇಲಿದ್ದ ಹಾಸನ್ನು ಸರಿಸಿ ಎದ್ದು ನಿಂತು ನೋಡಿದಳು. ಊರಿನ ಚಾವಣಿಗಳೆಲ್ಲ ಕೆಳಗಿದ್ದವು. ಅವುಗಳಾಚೆ ಹೊಲ, ಹೊಲದಾಚೆ ಹೊಲ, ಎಲ್ಲ ಮುಗಿದಲ್ಲಿ ಯಾರೋ ನೀಲಿ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಸೊಟ್ಟಸೊಟ್ಟ ಒಂದು ಗೆರೆ. ಬೀದಿಯಲ್ಲಿ ನಿಂತವರಿಗೆ ಅದು ಯಾವತ್ತೂ ಕಂಡಿರಲಿಲ್ಲ.

“ಅದೇನಾ ರೀ?”

“ಅದೇ.”

“ಕ್ಯಾಲೆಂಡರಿನಲ್ಲಿ ಇರೋದು ಇದಕ್ಕಿಂತ ದಪ್ಪ ಇತ್ತಲ್ಲ.”

“ಹತ್ತಿರ ಹೋದ್ರೆ ದಪ್ಪ ಆಗುತ್ತೆ ಕಣೇ.”

ಸಾಹೇಬ ರಾಜಠೀವಿಯಿಂದ ಜೀಪು ತಿರುಗಿಸಿದ. ಇಳಿಯುವ ಏರು ಹತ್ತುವ ಏರಿನಂತಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಜೀಪು ತಾರಸಿಯಿಂದ ಜಗಲಿಗೆ, ಜಗಲಿಯಿಂದ ಇಳಿಜಾರಿಗೆ, ಬಾನೆಟ್ಟಿನ ಬಿಳಿ ಹಾಸು ಹಾರಿಸುತ್ತ, ಡಾಕ್ಟರನ್ನೂ ನರ್ಸಮ್ಮನನ್ನೂ ಹೊತ್ತುಕೊಂಡೇ ಜರ್ರನೆ ಇಳಿಯಿತು. ಬ್ರೇಕು ಮನಸ್ಸು ಬಂದಷ್ಟೇ ಹಿಡಿಯಿತು. ಕಾವಲುಗಾರ ಸೀಟಿ ನುಂಗಿಕೊಂಡು ಹಾರಿದ. ಬುಡದಲ್ಲಿ ಗುಜರಿಯವನ ಟೆಂಪೋ ಉಸಿರು ಬಿಟ್ಟು ನಿಂತಿತ್ತಲ್ಲ? ಜೀಪು ಅದರ ಬೆನ್ನಿಗೆ ಮೂಗಿಟ್ಟಿತು.

ಧಡಾರ್ ಅಂತ ಏನೂ ಆಗಲಿಲ್ಲ. ಟೆಂಪೋ ಮುಂದೆ ಉರುಳಿತು, ಅಷ್ಟೇ. ಹಿಂದಕ್ಕೆ ಬರುವ ವಿದ್ಯೆ ಜೀಪಿಗೆ ಗೊತ್ತಿಲ್ಲ. ಟೆಂಪೋಗೆ ಯಾವ ವಿದ್ಯೆಯೂ ಉಳಿದಿರಲಿಲ್ಲ. ಹೀಗಾಗಿ ಜೀಪು ಅದನ್ನು ತಳ್ಳಿಕೊಂಡೇ ಗೇಟು ದಾಟಿತು, ಬೀದಿ ದಾಟಿತು, ಜನ ಚಪ್ಪಾಳೆ ಹೊಡೆಯುತ್ತಿದ್ದ ಟೈಲರ್ ಅಂಗಡಿ ದಾಟಿತು. ದಾರಿಯುದ್ದಕ್ಕೂ ಒಂದು ಬಾಗಿಲು, ಒಂದು ಬಂಪರು, ಏನೇನೋ ನಟ್ಟುಗಳು ಟೆಂಪೋದಿಂದ ಉದುರಿದವು. ಕೊನೆಗೆ ಬೀದಿಯ ತುದಿಯ ಗುಜರಿ ಅಂಗಡಿಯ ಅಂಗಳಕ್ಕೆ ಹೋಗಿ, ಹಳೇ ಕಬ್ಬಿಣದ ರಾಶಿಗೆ ಮುಖ ಕೊಟ್ಟು ಟೆಂಪೋ ಮಲಗಿತು. ಆ ಭಾನುವಾರ ಗುಜರಿಗೆ ಒಂದು ಗಾಡಿ ಹೋಗಬೇಕೆಂದಿತ್ತು, ಹೋಯಿತು.

ಗುಜರಿಯವನು ಇಳಿದು ತಲೆಯ ಮೇಲೆ ಕೈಹೊತ್ತು ಕೂತ. ಡಾಕ್ಟರು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು. ಹೆಂಡತಿ ಇಳಿದು, ಸೊಂಟಕ್ಕೆ ಕೈಯಿಟ್ಟು, ಟೆಂಪೋವನ್ನು ಒಂದು ಸುತ್ತು ಬಂದಳು.

“ಗುಜರಿಯಪ್ಪಾ, ಇದಕ್ಕೆ ರಿವರ್ಸ್ ಬೀಳ್ತಿತ್ತಾ?”

“ಬೀಳ್ತಿತ್ತಮ್ಮ,” ಅಂದ ಅವನು ಅಳುತ್ತ. “ಅದೊಂದೇ ಚೆನ್ನಾಗಿ ಬೀಳ್ತಿತ್ತು.”

“ಹಾಗಾದ್ರೆ ಅಳಬೇಡ, ಅದನ್ನ ಬಿಚ್ಚಿ ಕೊಡು,” ಅಂದಳು. “ಇವರು ಬೆಟ್ಟದಲ್ಲೇ ಇದ್ದುಬಿಡ್ತಾರೆ. ನಾನು ವಾಪಸ್ ಬರಬೇಕು.”